ನಾಲ್ಕೂ ಗಾಲಿ ಎಳೆಯುವ ಗಾಡಿಗೆ ನಿತ್ರಾಣ

“ಇನ್ನ ಮ್ಯಾಲ ನಮ್ಮ ಮನಿ ಮಂದಿ ಎಸ್‌ಟಿ ಬಸ್ಸ ಹತ್ತಿದ್ರ ನನ್ನ ಹೆಸರ ಮನ್ಮಥಪ್ಪ ಅಲ್ಲ!”

ಯೆಣೆಗೂರಿನ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ, ಹತ್ತಿಪ್ಪತ್ತು ಜನರ ಸಮಕ್ಷಮ ಮನ್ಮಥಪ್ಪ ಈ ಭೀಷ್ಮಪ್ರತಿಜ್ಞೆ ಮಾಡಿ ಇನ್ನೂ ವಾರವೂ ತುಂಬಿರಲಿಲ್ಲ. ಪ್ರತಿಜ್ಞೆಗೆ ಕಾರಣವಾದ ಬಿಳಿಯ ಪಿಕಪ್ಪು ಹೊರಗೆ ನಿಂತಿತ್ತು. ಸೆಕೆಂಡ್ ಹ್ಯಾಂಡ್ ಆದರೇನು! ಹಿಂದಿನ ಎರಡು ಗಾಲಿ ಮಾತ್ರವಲ್ಲ, ಒಂದು ಲಿವರ್ ಜಗ್ಗಿದರೆ ಮುಂದಿನ ಎರಡೂ ಸೇರಿ ನಾಲ್ಕೂ ಎಳೆಯುವ ಗಾಡಿ ಅದು. ಮೊಣಕಾಲು ನೋವು ಶುರುವಾದ ಮೇಲೆ ಮನ್ಮಥಪ್ಪ ಕೊನೆಯ ಜೋಡಿ ಎತ್ತು ಮಾರಿ ಇದನ್ನು ತಂದಿದ್ದ. “ಹೋದದ್ದ ಎರಡ ಎತ್ತು, ಬಂದದ್ದ ನಾಕ!” ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ.

ಮನ್ಮಥಪ್ಪ ಎತ್ತಿನ ಪಾರಖಿ. ಉದಗೀರದ ದನದ ಬಜಾರಿನಲ್ಲಿ ದೇವಣಿ ಎತ್ತಿನ ಬೆನ್ನ ಮೇಲೊಮ್ಮೆ ಕೈಯಾಡಿಸಿದನೆಂದರೆ ಅದರ ವಯಸ್ಸು, ಹಟ, ಹಳೆಯ ಗಾಯ, ಹಿಂದಿನ ಮಾಲೀಕನ ಗುಣ ಎಲ್ಲವನ್ನೂ ಹೇಳಬಲ್ಲವ. ಅದೇ ಧೈರ್ಯದಲ್ಲಿ ಪಿಕಪ್ಪನ್ನೂ ಆರಿಸಿದ್ದ. ನಿಲಂಗದ ಗ್ಯಾರೇಜಿನ ಗುರುಶಾಂತ ಅದನ್ನು ಮಾರುವಾಗ ಇಂಜಿನ್ ತೋರಿಸಲು ಹೋದರೆ ಇವನು ಟೈರು ಒತ್ತಿ ನೋಡಿ, ಬಾನೆಟ್ಟು ತಟ್ಟಿ, “ಸಾಕು, ತಿಳೀತು” ಎಂದುಬಿಟ್ಟ. ಆದರೆ ಬಜಾರಿನ ಒಂದು ಕರಾರನ್ನು ಮಾತ್ರ ಬಿಡಲಿಲ್ಲ.

“ಎಂಟ ದಿನದಾಗ ಎತ್ತಿಗಿ ಐಬ ಕಂಡ್ರ ವಾಪಸ್ ತಗೋಬೇಕು, ಏನ?”

“ಮಾಮಾ, ಇದು ಗಾಡಿ ಅದ್ರಿ.”

“ಗಾಡಿನೇ ಇರ್ಲಿ. ಮಾತಂದ್ರ ಮಾತು!”

ಗುರುಶಾಂತ ನಕ್ಕು ಹೂಂ ಎಂದಿದ್ದ.

ಈಗ ಆರನೆಯ ದಿನ. ಉದಗೀರದಲ್ಲಿ ಮಗಳು ಸಾರಿಕಾಳ ಚೊಚ್ಚಲ ಕೂಸಿಗೆ ನಾಮಕರಣ. ಕೂಸನ್ನು ಮಲಗಿಸಿ ಹೆಸರಿಡುವ ತೊಟ್ಟಿಲು ತವರುಮನೆಯಿಂದಲೇ ಬರಬೇಕು. ಅಳಿಯ ನೀಲೇಶ ಪಾಪ, “ಮಾಮಾ, ತೊಟ್ಟಲಾ ತರ್ಲಾಕ ಜೀಪ ಕಳಸ್ಲೇನ್ರಿ?” ಎಂದು ಫೋನ್ ಮಾಡಿ ಕೇಳಿದ್ದ. ಮನ್ಮಥಪ್ಪನಿಗೆ ರೇಗಿಹೋಯಿತು. “ಜೀಪ? ನಮ್ಮ ಮನ್ಯಾಗ ನಾಕ ಗಾಲಿ ಎಳಿಯೋ ಗಾಡಿ ಅದ! ಹನ್ನೆರಡಕ್ಕ ಮುಹೂರ್ತ ಅಲ್ಲೇನು? ಹನ್ನೊಂದೂವರಿಗೆ ತೊಟ್ಟಲಾ ನಿಮ್ಮ ಅಂಗಳದಾಗ!” ಎಂದು ಸ್ಪೀಕರ್ ಹಾಕಿದ ಫೋನಿನಲ್ಲಿ ಬೀಗರೆಲ್ಲ ಕೇಳುವಂತೆ ಗುಡುಗಿದ್ದ. ಆಡಿದ ಮಾತು ತಪ್ಪಿದರೆ ಸಾರಿಕಾ ಅತ್ತೆಮನೆಯಲ್ಲಿ ತಲೆ ತಗ್ಗಿಸಬೇಕಾಗುತ್ತದೆ ಎಂಬುದು ಅವನಿಗೂ ಗೊತ್ತಿತ್ತು.

ಬೆಳಿಗ್ಗೆ ಏಳೂವರೆಗೆ ಸವಾರಿ ಹೊರಟಿತು. ಹಿಂದೆ ಸಾಗವಾನಿ ತೊಟ್ಟಿಲು, ಎರಡು ಬುಟ್ಟಿ ಲಾಡು, ಒಂದು ಗಂಟು ಕೌದಿ. ಮುಂದೆ ಕ್ಯಾಬಿನ್ನಿನಲ್ಲಿ ಸಾರಥಿ ಮನ್ಮಥಪ್ಪ, ಕಿಟಕಿಯ ಬಳಿ ಹೊಸ ಇಳಕಲ್ ಸೀರೆಯ ಹೆಂಡತಿ ಪ್ರೇಮಾಬಾಯಿ, ನಡುವೆ ಎಂಬತ್ತೆರಡು ವರ್ಷದ, ಕಿವಿ ತುಸು ಮಂದವಾದ ತಾಯಿ ಶೇವಂತಾಬಾಯಿ.

ಉಮರಗಾದ ತನಕ ಹೆದ್ದಾರಿ, ಸಮತಟ್ಟು. ಗಾಡಿ ಹೋಯಿತು. ಅಲ್ಲಿಂದ ನಿಲಂಗದ ದಾರಿ ಹಿಡಿದು ಮೊದಲ ಏರು ಬಂತು ನೋಡಿ, ಶುರುವಾಯಿತು ಫಜೀತಿ. ಎಕ್ಸಿಲೇಟರನ್ನು ತಳಕ್ಕೆ ತುಳಿದರೂ ಮುಳ್ಳು ಮೂವತ್ತು ದಾಟಲಿಲ್ಲ! ಇಂಜಿನ್ನು ‘ಗುಂಯ್’ ಎಂದು ಅಳುತ್ತದೆ, ಗಾಡಿ ಮಾತ್ರ ಮುಂದೆ ಹೋಗಲೊಲ್ಲದು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ರಸ್ತೆಯೇ ಕಾಣೆ! ಅಷ್ಟು ಕಪ್ಪು ಹೊಗೆ.

“ಏನಾತ್ರೀ?” ಎಂದಳು ಪ್ರೇಮಾಬಾಯಿ.

“ಏನಿಲ್ಲ. ಡೀಸೆಲ್‌ನಾಗ ಸೀಮಿ ಎಣ್ಣಿ ಮಿಲಾವಟ ಮಾಡ್ಯಾರ ನನ್ನ ಮಕ್ಕಳು!”

“ನಿಮಗ ಗೇರ ಹಾಕ್ಲಾಕ ಬರಂಗಿಲ್ಲ, ಡೀಸೆಲ್‌ಗ್ಯಾಕ ಬೈತೀರಿ?”

ನಡುವೆ ಕುಳಿತ ಶೇವಂತಾಬಾಯಿ ಕಣ್ಣು ಮುಚ್ಚಿಕೊಂಡೇ ತೀರ್ಪು ಕೊಟ್ಟಳು. “ಅದಕ್ಕ ಹಸಿವಾಗ್ಯಾದ ಮನ್ಮಥ್ಯಾ.”

“ಅವ್ವಾ, ಟಾಕಿ ಅರ್ಧ ತುಂಬ್ಯಾದ! ನೀ ಸುಮ್ನ ಕೂಡು.”

ಅಷ್ಟರಲ್ಲಿ ಹಿಂದಿನಿಂದ ಭೋಂ ಎಂದು ಹಾರ್ನು. ಎಸ್‌ಟಿ ಬಸ್ಸು! ಮನ್ಮಥಪ್ಪ ಯಾವುದನ್ನು ಜೀವಮಾನಕ್ಕೆಲ್ಲ ತ್ಯಜಿಸಿದ್ದನೋ ಅದೇ ಬಸ್ಸು ಪಕ್ಕಕ್ಕೆ ಬಂದು, ಸಾವಕಾಶ ಮುಂದೆ ಹಾಯಿತು. ಕಿಟಕಿಯಿಂದ ಕಂಡಕ್ಟರ್ ತಲೆ ಹೊರಗೆ ಹಾಕಿ, “ಕಾಯ ಮಾಮಾ, ನವೀ ಗಾಡಿ?” ಎಂದು ಮರಾಠಿಯಲ್ಲಿ ಹೊಸ ಗಾಡಿಯ ಕುಶಲ ವಿಚಾರಿಸಿದ. ಬಸ್ಸಿನೊಳಗಿನ ಮಂದಿಯೆಲ್ಲ ಇಣುಕಿದರು. ಅದರಲ್ಲಿ ಮೂವರು ಯೆಣೆಗೂರಿನವರು! ಮನ್ಮಥಪ್ಪ ಬೆವರು ಒರೆಸುವ ನೆಪದಲ್ಲಿ ಟಾವೆಲಿನಿಂದ ಮುಖ ಮುಚ್ಚಿಕೊಂಡ.

ಬಸ್ಸು ಮರೆಯಾದ ಮೇಲೆ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ ಪಾರಖಿ ಕೆಳಗಿಳಿದ. ಸುತ್ತಲೂ ಸೋಯಾಬೀನಿನ ಹಸಿರು, ನಡುವೆ ನಿತ್ರಾಣದ ಪಿಕಪ್ಪು. ಟೈರು ಒತ್ತಿದ. ಗಟ್ಟಿ ಇದ್ದವು. ಬಗ್ಗಿ ಹೊಟ್ಟೆಯ ಕೆಳಗೆ ನೋಡಿದ. ಎಲ್ಲೂ ಸೋರುತ್ತಿರಲಿಲ್ಲ. ಕೊನೆಗೆ ಎರಡೂ ಬದಿಯ ಕನ್ನಡಿಗಳನ್ನು ಅಂಗೈಯಿಂದ ಮುಟ್ಟಿ ನೋಡಿದ.

“ಕನ್ನಡಿ ಯಾಕ ಮುಟ್ತೀರಿ?”

“ಎತ್ತಿಗಿ ಜ್ವರ ಬಂದ್ರ ಕಿವಿ ಬಿಸಿ ಆಗ್ತಾವ.”

ಪ್ರೇಮಾಬಾಯಿ ಹಣೆ ಹಣೆ ಬಡಿದುಕೊಂಡಳು.

ಕಿವಿ ತಣ್ಣಗಿದ್ದುದರಿಂದ ಜ್ವರವಲ್ಲ ಎಂದಾಯಿತು. ಹಾಗಾದರೆ ಭಾರವೇ ಸಮ ಕೂತಿಲ್ಲ! ಬಂಡಿಯಲ್ಲಿ ಮೂಕಿಭಾರವಾದರೆ ಎತ್ತಿನ ಹೆಗಲು ಬೀಳುವುದಿಲ್ಲವೇ? ಮುಂದಿನ ಭಾರ ಹಿಂದಕ್ಕೆ ಹೋಗಬೇಕು. ಮುಂದಿದ್ದ ಭಾರವೆಂದರೆ ತಾಯಿ ಮತ್ತು ಹೆಂಡತಿ. ತಾಯಿಯನ್ನು ಹಿಂದೆ ಕೂರಿಸುವಂತಿಲ್ಲ.

“ನೀ ಜರಾ ಹಿಂದ ಕೂಡು.”

“ನಾನಾ? ಈ ಸೀರಿ ಉಟ್ಕೊಂಡಾ?”

“ತೊಟ್ಟಲಾ ಅಲಗಾಡ್ದಂಗ ಹಿಡಕೊಂಡಂಗೂ ಆಗ್ತದ. ಮೊಮ್ಮಗನ ಸಲುವಾಗಿ ಇಷ್ಟೂ ಮಾಡಂಗಿಲ್ಲೇನು?”

ಮೊಮ್ಮಗನ ಹೆಸರು ತೆಗೆದ ಮೇಲೆ ಆಕೆ ಕೌದಿಯ ಗಂಟಿನ ಮೇಲೆ ಹೋಗಿ ಕುಳಿತಳು. ಗಾಡಿಯ ವೇಗ ಮೂವತ್ತರಿಂದ ಇಪ್ಪತ್ತೆಂಟಕ್ಕೆ ಇಳಿಯಿತು.

ಆಗ ಮನ್ಮಥಪ್ಪ ಬ್ರಹ್ಮಾಸ್ತ್ರ ತೆಗೆದ. ಗೇರಿನ ಪಕ್ಕದ ಆ ಗಿಡ್ಡ ಲಿವರ್! ಎರಡು ಗಾಲಿಗೆ ತ್ರಾಣ ಇಲ್ಲವೆಂದರೆ ನಾಲ್ಕನ್ನೂ ಹೂಡಿದರಾಯಿತು. ಗಾಡಿ ನಿಲ್ಲಿಸಿ, ಅದನ್ನು ಜಗ್ಗಿ ಜಗ್ಗಿ, ಎಲ್ಲಿಯ ತನಕ ಬರುತ್ತದೋ ಅಲ್ಲಿಯ ತನಕ ಎಳೆದ. ಒಳಗೆಲ್ಲೋ ‘ಖಡಕ್’ ಎಂದಿತು. “ಈಗ ನೋಡವ್ವಾ ಗಮ್ಮತ್ತು!” ಎಂದು ಕ್ಲಚ್ಚು ಬಿಟ್ಟ.

ಗಮ್ಮತ್ತೇ ಆಯಿತು. ಕೆಸರಿನಲ್ಲಿ ಹುಗಿದ ಗಾಡಿಯನ್ನು ಮೇಲೆಳೆಯಲಿಕ್ಕೆಂದು ಮಾಡಿದ ಗೇರು ಅದು. ಅದನ್ನು ಹಾಕಿದರೆ ಇಂಜಿನ್ನು ಊರಿಗೆಲ್ಲ ಕೇಳುವಂತೆ ಕೂಗುತ್ತದೆ, ಗಾಡಿ ಬಸವನಹುಳುವಿನಂತೆ ತೆವಳುತ್ತದೆ. ಡಾಂಬರು ರಸ್ತೆಯಲ್ಲಿ ಸ್ಟೇರಿಂಗು ಕೈಗೆ ಕುಸ್ತಿ ಕೊಡತೊಡಗಿತು. ಇಂಜಿನ್ನಿನ ಆರ್ಭಟಕ್ಕೆ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಎದ್ದು ನಿಂತು ನೋಡಿದರು. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲಿನ ಮೇಲೆ ಬಂದ ಮುದುಕನೊಬ್ಬ ಪಕ್ಕಕ್ಕೆ ಬಂದು, ಒಂದು ಫರ್ಲಾಂಗು ದೂರ ಜೊತೆಗೇ ತುಳಿಯುತ್ತ, ಹಿಂದೆ ಕುಳಿತ ಪ್ರೇಮಾಬಾಯಿಯ ಹತ್ತಿರ ಯಾವ ಊರು, ಯಾರ ಪೈಕಿ, ಕೂಸು ಗಂಡೋ ಹೆಣ್ಣೋ ಎಂದು ಎಲ್ಲ ವಿಚಾರಿಸಿಕೊಂಡು, “ಬರ್ತೀನವ್ವಾ, ನನಗ ಹೊತ್ತಾತು” ಎಂದು ಮುಂದೆ ಹೊರಟುಹೋದ!

ಇನ್ನು ತಡೆಯಲಾಗಲಿಲ್ಲ. ಗಡಿಯಾರ ಒಂಬತ್ತೂಕಾಲು ತೋರಿಸುತ್ತಿತ್ತು. ಲಿವರನ್ನು ಹಿಂದಕ್ಕೆ ತಳ್ಳಿದರೆ ಅದು ಕದಲಲೂ ಒಲ್ಲದು! ಮನ್ಮಥಪ್ಪ ಫೋನು ತೆಗೆದು ಗುರುಶಾಂತನಿಗೆ ಹಚ್ಚಿದ.

“ಏ ಗುರುಶಾಂತಾ! ನಿನ್ನ ಕುಂಟ ಎತ್ತ ತಗೊಂಡ ಬರ್ಲಾಕತ್ತೀನಿ! ಇವತ್ತ ಆರನೇ ದಿನ. ಎಂಟ ಆಗಿಲ್ಲ. ಮಾತಂದ್ರ ಮಾತು!”

“ಏನಾಗ್ಯಾದ ಹೇಳ್ರಿ ಮಾಮಾ, ಹೊಗಿ ಯಾವ ಬಣ್ಣ ಅದ?”

“ನಿನ್ನ ಮುಖದ್ದ ಬಣ್ಣ!” ಎಂದು ಫೋನ್ ಇಟ್ಟ.

ನಿಲಂಗ ಮುಟ್ಟಿದಾಗ ಹನ್ನೊಂದಕ್ಕೆ ಹತ್ತು ನಿಮಿಷ. ಗ್ಯಾರೇಜಿನ ಮುಂದೆ ಏಳೆಂಟು ಜನ ಚಹಾ ಕುಡಿಯುತ್ತಿದ್ದರು. ಮನ್ಮಥಪ್ಪ ಇಳಿದವನೇ ಭಾಷಣ ಶುರುಮಾಡಿದ. “ನೋಡ್ರೆಪ್ಪಾ, ನೀವೇ ಪಂಚರು! ಈ ಮನಶಾ ನನಗ ಐಬಿನ ಮಾಲ ಕೊಟ್ಟಾನ. ನನ್ನ ಮಗಳ ಮಾನ ಈಗ ಇವನ ಕೈಯಾಗ ಅದ!”

ಪಂಚರು ಮಾತ್ರ ಅವನನ್ನು ನೋಡುತ್ತಿರಲಿಲ್ಲ. ಅವರ ಕಣ್ಣು ಗಾಡಿಯ ಹಿಂಭಾಗದ ಮೇಲಿತ್ತು. ಮನ್ಮಥಪ್ಪ ತಿರುಗಿ ನೋಡಿದ. ಅಯ್ಯೋ ದೇವರೇ! ಕೌದಿಯ ಗಂಟಿನ ಮೇಲೆ ಕುಳಿತ ಪ್ರೇಮಾಬಾಯಿ ಎರಡು ತಾಸು ಆ ಕಪ್ಪು ಹೊಗೆ ಕುಡಿದು, ಕಣ್ಣಿನ ಬಿಳಿ ಬಿಟ್ಟರೆ ಮೈಯೆಲ್ಲ ಇದ್ದಿಲಾಗಿದ್ದಳು. ಕಪ್ಪು ಮುಖದಿಂದ ಬಂದ ದನಿ ಮಾತ್ರ ಚೆನ್ನಾಗಿ ಗುರುತಿನದಾಗಿತ್ತು. “ಭಾರ ಸಮ ಆತೇನ್ರೀ?”

ಗುರುಶಾಂತ ಆಕೆಗೆ ನೀರು ಕೊಡಿಸಿ, ಕ್ಯಾಬಿನ್ನಿನಲ್ಲಿ ತಲೆ ಹಾಕಿದ. “ಮಾಮಾ, ಈ ಲೋ ಗೇರ ಹಾಕಿದವರ್ಯಾರು?”

“ನಾನೇ. ಎರಡ ಗಾಲಿ ಜಗ್ಗಲಿಲ್ಲ, ನಾಕೂ ಹೂಡೀನಿ.”

“ಉಮರಗಾದಿಂದ ಇಲ್ಲಿತನಕಾ ಇದರಾಗೇ ಬಂದೀರಿ?”

ಪಂಚರಲ್ಲಿ ಇಬ್ಬರು ಚಹಾ ನೆತ್ತಿಗೇರಿ ಕೆಮ್ಮಿದರು. ಮನ್ಮಥಪ್ಪನಿಗೆ ಮೊದಲ ಸಲ ಕಾಲ ಕೆಳಗಿನ ನೆಲ ಸ್ವಲ್ಪ ಜಾರಿದಂತಾಯಿತು. ಆದರೂ ಬಿಡುವ ಪೈಕಿ ಅಲ್ಲ. “ಅದು ಆಮ್ಯಾಲಿನ ಮಾತು. ಐಬ ಅದಕ್ಕಿಂತ ಮದ್ಲೇ ಇತ್ತು!”

“ಖರೆ. ಕರಿ ಹೊಗಿ ಅಂದ್ರ ಇಂಜಿನ್‌ಗಿ ಹವಾ ಸಾಲವಲ್ದು. ಡೀಸೆಲ್ ಬರ್ಲಾಕತ್ತದ, ಉಸುರ ಸಿಗವಲ್ದು. ತಗೀತೀನಿ ನೋಡ್ರಿ.”

ಗುರುಶಾಂತ ಬಾನೆಟ್ಟು ಎತ್ತಿದ. ಒಳಗೆ ಎಡಬದಿಗೆ ಒಂದು ಕಪ್ಪು ಡಬ್ಬಿ, ಇಂಜಿನ್ನು ಉಸಿರಾಡುವ ಗಾಳಿಯನ್ನು ಸೋಸುವ ಡಬ್ಬಿ. ಅದರ ಸಂದಿಯಿಂದ ಕೆಂಪಿರುವೆಗಳ ಸಾಲೊಂದು ಶಿಸ್ತಾಗಿ ಒಳಗೆ ಹೊರಗೆ ಓಡಾಡುತ್ತಿತ್ತು! ಗುರುಶಾಂತನ ಹುಬ್ಬು ಮೇಲೇರಿತು. ಟಕ್, ಟಕ್, ನಾಲ್ಕು ಕ್ಲಿಪ್ಪು ತೆಗೆದು ಮುಚ್ಚಳ ಎತ್ತಿದ. ಮಡಿಕೆ ಮಡಿಕೆ ಕಾಗದದ ಫಿಲ್ಟರನ್ನು ಹೊರಗೆ ತೆಗೆದ. ಅದು ತೊಯ್ದು, ಮೆತ್ತಗಾಗಿ, ತುಪ್ಪದ ವಾಸನೆ ಹೊಡೆಯುತ್ತಿತ್ತು. ಅದರ ಬೆನ್ನಿಗೆ ದುಂಡಗಿನದೇನೋ ಅಂಟಿಕೊಂಡಿತ್ತು. ಗುರುಶಾಂತ ಅದನ್ನು ಎರಡು ಬೆರಳಿನಿಂದ ಬಿಡಿಸಿ ಬೆಳಕಿಗೆ ಹಿಡಿದ.

ಹೋಳಿಗೆ!

ಸ್ಪ್ಯಾನರ್ ಹಿಡಿದವರು ಸ್ಪ್ಯಾನರ್ ಹಿಡಿದೇ, ಚಹಾದ ಕಪ್ಪು ಎತ್ತಿದವರು ಕಪ್ಪು ಎತ್ತಿಯೇ ನಿಂತರು. ಗುರುಶಾಂತ ಮತ್ತೆ ಕೈ ಹಾಕಿದ. ಇನ್ನೊಂದು. ಮತ್ತೊಂದು. ಒಟ್ಟು ಐದು ಹೋಳಿಗೆಗಳನ್ನು ಸಾಲಾಗಿ ಬಾನೆಟ್ಟಿನ ಅಂಚಿನ ಮೇಲೆ ಇಟ್ಟ. “ಹದಿನೆಂಟ ವರ್ಷಾತು ಮಾಮಾ ಈ ಕೆಲಸಾ ಮಾಡ್ಲಾಕತ್ತು. ಡಬ್ಬ್ಯಾಗ ಧೂಳ ನೋಡೀನಿ, ಗೂಡ ನೋಡೀನಿ. ಪಕ್ವಾನ್ನ ಇವತ್ತೇ ನೋಡಿದ್ದು.”

“ಇಲಿ!” ಎಂದು ಮನ್ಮಥಪ್ಪ ಒದರಿದ. “ನಿನ್ನ ಗ್ಯಾರೇಜಿನ ಇಲಿ! ಇದೇ ಐಬ!”

“ಇಲಿ ತುಪ್ಪಾ ಹಚ್ಚಿ, ಐದ ಎಣಿಸಿ ಇಟ್ಟು, ಮ್ಯಾಲ ನಾಕ ಕ್ಲಿಪ್ ಹಾಕ್ತದೇನ್ರಿ?”

ಪ್ರೇಮಾಬಾಯಿ ಹತ್ತಿರ ಬಂದು ಬಗ್ಗಿ ನೋಡಿದಳು. ಕಪ್ಪು ಮುಖದಲ್ಲಿ ಕಣ್ಣು ಇನ್ನಷ್ಟು ದೊಡ್ಡವಾದವು. “ರೀ, ಇವು ನಾ ಮಾಡಿದ ಹೋಳಿಗಿ! ಪೋಳಾದ್ದು!”

ಆ ಕ್ಷಣಕ್ಕೆ ಮನ್ಮಥಪ್ಪನಿಗೆ ಎಲ್ಲ ನೆನಪಾಯಿತು.

ಮೂರು ದಿನದ ಹಿಂದೆ ಪೋಳಾ, ಎತ್ತುಗಳ ಹಬ್ಬ. ಅಂದು ಎತ್ತಿಗೆ ಮೈ ತೊಳೆದು, ಝೂಲ ಹೊದಿಸಿ, ಹೋಳಿಗೆ ತಿನ್ನಿಸಿ, ಆಮೇಲೆ ಮನೆಯವರು ಉಣ್ಣಬೇಕು. ಶೇವಂತಾಬಾಯಿ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ, ಅರವತ್ತು ವರ್ಷಕ್ಕೂ ಮೇಲೆ, ಎತ್ತು ತಿನ್ನುವುದನ್ನು ಕಣ್ಣಾರೆ ನೋಡದೆ ಪೋಳಾದ ದಿನ ತುತ್ತು ಮುಟ್ಟಿದವಳಲ್ಲ. ಈ ಸಲ ಎತ್ತು ಇಲ್ಲ. ‘ಇದೇ ನಮ್ಮ ಎತ್ತು’ ಎಂದು ಮಗನೇ ಸಾರಿದ್ದರಿಂದ ಝೂಲ ಪಿಕಪ್ಪಿಗೆ ಬಿತ್ತು, ಕನ್ನಡಿಗೆ ಗೊಂಡೆ ಬಂತು. ಹೋಳಿಗೆಯ ತಾಟೂ ಬಂತು. ಮನ್ಮಥಪ್ಪ ಗಾಲಿಯ ಮುಂದೆ ಇಟ್ಟ. “ಕಾಲಿಲೆ ತಿಂತದೇನೋ?” ಎಂದಳು ತಾಯಿ. ದೀಪಕ್ಕೆ ಹಿಡಿದ. “ಅದು ಕಣ್ಣು. ಬಾಯಿ ಎಲ್ಲದ?” ಮಧ್ಯಾಹ್ನ ಎರಡಾಯಿತು. ಮುದುಕಿ ಬೆಳಗಿನಿಂದ ಹನಿ ಚಹಾ ಕೂಡ ಕುಡಿಯದೆ ಗಾಡಿಯ ಮುಂದೆಯೇ ಕುಳಿತಿದ್ದಳು. ಮಗನ ಕರುಳು ಚುರುಕ್ ಎಂದಿತು. ಹೊಟ್ಟೆಯೂ ಎಂದಿತು ಅನ್ನಿ. ಬಾನೆಟ್ಟು ಎತ್ತಿದ. ಅಲ್ಲಿ ಕ್ಲಿಪ್ಪಿನ ಒಂದು ಕಪ್ಪು ಡಬ್ಬಿ, ತೆರೆದರೆ ಥೇಟು ಬಾಯಿ! ಒಳಗಿನ ಕಾಗದ ಎತ್ತಿ ಒಂದೊಂದಾಗಿ ಐದು ಹೋಳಿಗೆ ತಿನ್ನಿಸಿ ಬಾಯಿ ಮುಚ್ಚಿದ. ತಾಯಿ ಕೈ ಮುಗಿದು, ಸಮಾಧಾನದಿಂದ ಉಂಡಳು. ಸಂಜೆ ತೆಗೆದರಾಯಿತು ಎಂದುಕೊಂಡು ಇವನೂ ಎಂಟು ಹೋಳಿಗೆ ಬಾರಿಸಿ ಮಲಗಿದ. ಎದ್ದಾಗ ಕತ್ತಲಾಗಿತ್ತು, ಡಬ್ಬಿಯ ನೆನಪೂ ಹೋಗಿತ್ತು. ಆಮೇಲೆ ಇವತ್ತಿನ ತನಕ ಗಾಡಿ ಅಂಗಳ ಬಿಟ್ಟಿರಲಿಲ್ಲ.

ಕ್ಯಾಬಿನ್ನಿನಿಂದ ಕೋಲೂರಿಕೊಂಡು ಶೇವಂತಾಬಾಯಿ ಇಳಿದು ಬಂದಳು. ಬಾನೆಟ್ಟಿನ ಮೇಲೆ ಸಾಲಾಗಿ ಕುಳಿತ ಐದನ್ನೂ ನೋಡಿದಳು. ಮಗನನ್ನು ನೋಡಿದಳು. ಕೋಲು ಕೈಯಿಂದ ಜಾರಿ ಬಿತ್ತು.

“ಅಯ್ಯ ಶಿವನೇ! ಇದು ತಿಂದೇ ಇಲ್ಲ! ಮೂರ ದಿನಾ ಉಪಾಸ ಇಟ್ಟು ಗುಡ್ಡಾ ಹತ್ತಸ್ಲಾಕತ್ತಿಯಲ್ಲೋ, ಅದಕ್ಕ ತ್ರಾಣ ಎಲ್ಲಿಂದ ಬರಬೇಕು?”

ಗುರುಶಾಂತ ಗಾಡಿಯ ಆಚೆ ಬದಿಗೆ ಹೋಗಿ ಹೊಟ್ಟೆ ಹಿಡಿದುಕೊಂಡು ಕುಳಿತುಬಿಟ್ಟ. ಪಂಚರಂತೂ ಗೋಡೆ ಹಿಡಿದು ನಗುತ್ತಿದ್ದರು. ಆದರೆ ಮನ್ಮಥಪ್ಪನಿಗೆ ನಗು ಬರಲಿಲ್ಲ. ತಾಯಿಯ ಕಣ್ಣಲ್ಲಿ ನೀರು ಬಂದಿತ್ತು.

“ನಾ ಉಂಡೆಲ್ಲೋ ಮನ್ಮಥ್ಯಾ. ಅದು ತಿಂದದ ಅಂತ ನೀ ಹೇಳ್ದಿ, ನಾ ನಂಬಿ ಉಂಡೆ. ಇನ್ನ ಅದು ಉಂಬೋತನಕಾ ನನಗ ನೀರೂ ಬ್ಯಾಡ.”

ಮನ್ಮಥಪ್ಪ ನಾಚಿಕೆಯಿಂದ ಕುಗ್ಗಿಹೋದ. ಗಡಿಯಾರ ಹನ್ನೊಂದೂಕಾಲು, ಉದಗೀರ ಇನ್ನೂ ಐವತ್ತು ಕಿಲೋಮೀಟರು, ತಾಯಿ ಸತ್ಯಾಗ್ರಹಕ್ಕೆ ಕುಳಿತಿದ್ದಾಳೆ! ಕೊನೆಗೆ ಕಾಪಾಡಿದವನು ಯಾರನ್ನು ಬೆಳಿಗ್ಗೆಯಿಂದ ಬೈದಿದ್ದನೋ ಆ ಗುರುಶಾಂತನೇ. ಹೊಸ ಫಿಲ್ಟರ್ ಕೂರಿಸಿ, ಡಬ್ಬಿ ಒರೆಸಿ, ಲಿವರನ್ನು ಜಾಗಕ್ಕೆ ತಂದು, ಕೈ ಮುಗಿದು ಹೇಳಿದ. “ಆಯೀ, ಇದರ ಖರೆ ಬಾಯಿ ಹಿಂದಿನ ಬಾಜೂ ಅದ. ಇಲ್ಲೇ ಪಂಪಿನ್ಯಾಗ ಐದ ಲೀಟರ್ ಉಣಸ್ರಿ. ನುಂಗೂದು ಗಳಗಳ ಕೇಳಸ್ತದ.”

ಪಂಪಿನಲ್ಲಿ ಶೇವಂತಾಬಾಯಿ ಟಾಕಿಗೆ ಕಿವಿ ಹಚ್ಚಿ ಕೇಳಿ, ಐದು ಲೀಟರೂ ಇಳಿದ ಮೇಲೆ ಅದರ ಮೈ ತಡವಿ, ಆಮೇಲೆ ನೀರು ಕುಡಿದಳು.

ಗಾಡಿ ಈಗ ಹೇಗೆ ಓಡಿತು ಅಂತೀರಿ! ಏರು ಬಂದದ್ದೂ ಗೊತ್ತಾಗಲಿಲ್ಲ. ಮುಖ ತೊಳೆದು ಮತ್ತೆ ಮುಂದೆ ಕುಳಿತ ಪ್ರೇಮಾಬಾಯಿ ಮಾತು ಬಿಟ್ಟಿದ್ದಳು. ಮನ್ಮಥಪ್ಪ ದಾರಿಯುದ್ದಕ್ಕೂ ತಾಯಿಯನ್ನು ಬೇಡಿಕೊಂಡ. “ಅವ್ವಾ, ನಿನ್ನ ಕಾಲ ಬೀಳ್ತೀನಿ. ಬೀಗರ ಮುಂದ ಈ ಮಾತ ತಗೀಬ್ಯಾಡ.”

“ನಾ ಯಾಕ ತಗೀಲಿ? ದೊಡ್ಡವರ ಯಾರ ಮುಂದೂ ಬಾಯಿ ಬಿಡಂಗಿಲ್ಲ.”

ಉದಗೀರದ ಅಂಗಳಕ್ಕೆ ಗಾಡಿ ನುಗ್ಗಿದಾಗ ಹನ್ನೆರಡೂ ಇಪ್ಪತ್ತು. ಮುಹೂರ್ತ ಮೀರಿತ್ತು! ಒಳಗೆ ಬೀಗರ ಹಳೆಯ ತೊಟ್ಟಿಲನ್ನೇ ಒರೆಸಿ ಸಿದ್ಧ ಮಾಡಿದ್ದರು. ಆದರೆ ಸಾರಿಕಾ ಕೂಸನ್ನು ಎದೆಗವಚಿಕೊಂಡು, “ನಮ್ಮಪ್ಪ ಬರ್ತಾನ. ಬರೋತನಕಾ ನಾ ಇದರಾಗ ಮಲಗ್ಸಂಗಿಲ್ಲ” ಎಂದು ಹಟ ಹಿಡಿದು ಕುಳಿತಿದ್ದಳು. ಮಗಳ ಆ ಮುಖ ನೋಡಿ ಮನ್ಮಥಪ್ಪ ತಲೆ ತಗ್ಗಿಸಿದ.

“ಯಾಕ್ರಿ ಬೀಗರಽ, ನಾಕ ಗಾಲಿ ಎಳೀಲಿಲ್ಲೇನು?” ಎಂದರು ಬೀಗರು, ಎಲ್ಲರ ಮುಂದೆ.

ತಗ್ಗಿದ ತಲೆ ತಕ್ಷಣ ಮೇಲೆದ್ದಿತು. “ಅದೇನಾತಂದ್ರ ಬೀಗರಽ, ಟರ್ಬೋದಾಗ ಹವಾದ ಪ್ರೆಷರ್ ಏಕದಮ್ ಡೌನ್. ಬ್ಯಾರೆ ಯಾರರೆ ಇದ್ರ ಗಾಡಿ ಬಿಟ್ಟ ಓಡಿ ಹೋಗ್ತಿದ್ರು. ನಾ ಹೊಗಿ ಬಣ್ಣ ನೋಡ್ದಾಕ್ಷಣ ಹಿಡದೆ, ಇದು ಹವಾದ ದೋಷಾ ಅಂತ!” ಬೀಗರು ತಲೆದೂಗಿದರು. ಪ್ರೇಮಾಬಾಯಿ ಕಿವಿಯ ಹಿಂದೆ ಉಳಿದಿದ್ದ ಮಸಿಯನ್ನು ಸೆರಗಿನಿಂದ ಒರೆಸಿಕೊಂಡಳು. ಮಾನ ಉಳಿಯಿತು!

ಸಾಗವಾನಿ ತೊಟ್ಟಿಲು ತೂಗುಹಾಕಿದರು. ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದಳು, ಸುತ್ತಲಿನ ಹೆಂಗಸರು ಪದ್ಧತಿಯಂತೆ ಆಕೆಯ ಬೆನ್ನಿಗೆ ಗುದ್ದು ಕೊಟ್ಟು ನಕ್ಕರು. ಇನ್ನು ಮುತ್ತಜ್ಜಿ ಒಂದು ಮಾತು ಹೇಳಲಿ ಎಂದು ಶೇವಂತಾಬಾಯಿಯನ್ನು ಕರೆದರು. ಆಕೆ ತೊಟ್ಟಿಲ ಹಗ್ಗ ಹಿಡಿದು, ಬಗ್ಗಿ, ಕೂಸಿನ ಕಿವಿಗೆ ಬಾಯಿ ಹಚ್ಚಿ ಪಿಸುಗುಟ್ಟಿದಳು. ಎಂಬತ್ತೆರಡರ ಆ ಮಂದ ಕಿವಿಯ ಮುದುಕಿಯ ಪಿಸುಮಾತು ಅಂಗಳದ ಆಚೆ ಚಪ್ಪಲಿ ಬಿಟ್ಟ ಜಾಗದ ತನಕ ಕೇಳಿಸಿತು.

“ಹೆಸರ ಛಲೋ ಇಟ್ಟಾರ ಕೂಸೇ. ಆದ್ರ ಒಂದ ಮಾತ ಕೇಳು. ನಿಮ್ಮಜ್ಜ ಉಣಸ್ತೀನಂತ ಬಂದ್ರ ಬಾಯಿ ತೆರಿ, ಬ್ಯಾಡನ್ನಬ್ಯಾಡ. ಗಂಟಲದಾಗ ಇಳಿಯೋತನಕಾ ಮಾತ್ರ ಅಂವನ ಕೈ ಬಿಡಬ್ಯಾಡ. ಬಿಟ್ಟಿಯೋ, ಬಾಯಿಗಿ ನಾಕ ಕ್ಲಿಪ್ ಹಾಕಿ, ಕೂಸ ಉಂಡದ ಅಂತ ಅವ್ವಗ ಹೇಳಿ, ತಾ ಹೋಗಿ ಎಂಟ ಹೋಳಿಗಿ ತಿಂದ ಮಲಗ್ತಾನ!”